ಡೀಪ್ ಸ್ಪೇಸ್ 1 ನೌಕೆಯ ರಿಮೋಟ್ ಏಜೆಂಟ್: ತನ್ನನ್ನು ತಾನೇ ನೋಡಿಕೊಳ್ಳಬೇಕಿದ್ದ ತಂತ್ರಾಂಶ ಸಿಕ್ಕಿಹಾಕಿಕೊಂಡ ಪ್ರಕರಣ

1999ರ ಮೇ 18, ಮಂಗಳವಾರ. ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಏಳು ಗಂಟೆಯ ಸುಮಾರಿಗೆ, ನಾಸಾದ ಡೀಪ್ ಸ್ಪೇಸ್ 1 ನೌಕೆಯ ಅಯಾನ್ ಎಂಜಿನ್ ನಿಗದಿಯಾದ ಹೊತ್ತಿಗೆ ನಿಂತಿಲ್ಲ ಎಂಬುದು ಭೂಕೇಂದ್ರದಲ್ಲಿದ್ದವರ ಗಮನಕ್ಕೆ ಬಂತು. ನೌಕೆ ಆಗ ಭೂಮಿಯಿಂದ ಸುಮಾರು ಹತ್ತು ಕೋಟಿ ಕಿಲೋಮೀಟರ್ ದೂರದಲ್ಲಿತ್ತು. ರೇಡಿಯೊ ಸಂಕೇತವೊಂದು ಅಲ್ಲಿಂದ ಇಲ್ಲಿಗೆ ಬರಲು ಐದು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ನೌಕೆಗೆ ಅಪಾಯವೂ ಇರಲಿಲ್ಲ. ಎಂಜಿನ್ನನ್ನು ನಿಲ್ಲಿಸುವ ಆಜ್ಞೆ ಭೂಮಿಯಿಂದ ಹೋಗಬೇಕಾಗಿಯೂ ಇರಲಿಲ್ಲ. ಅದನ್ನು ಕೊಡಬೇಕಾಗಿದ್ದುದು ಹಿಂದಿನ ದಿನವಷ್ಟೇ ನೌಕೆಯ ಹೊಣೆ ವಹಿಸಿಕೊಂಡಿದ್ದ ರಿಮೋಟ್ ಏಜೆಂಟ್ ಎಂಬ ತಂತ್ರಾಂಶ. ಅದು ಜೀವಂತವಾಗಿಯೇ ಇತ್ತು, ಭೂಮಿಗೆ ಮಾಹಿತಿ ಕಳುಹಿಸುತ್ತಲೂ ಇತ್ತು, ಆದರೆ ತನ್ನ ಯೋಜನೆಯ ಮುಂದಿನ ಹೆಜ್ಜೆಯನ್ನು ಮಾತ್ರ ಇಡುತ್ತಿರಲಿಲ್ಲ.

ಮನುಷ್ಯನ ನೆರವಿಲ್ಲದೆ ತನ್ನ ಸ್ಥಿತಿಯನ್ನು ತಾನೇ ಅರಿತು, ಕೆಟ್ಟದ್ದನ್ನು ತಾನೇ ಸರಿಪಡಿಸಿಕೊಂಡು ಮುಂದುವರಿಯುವ ಯಂತ್ರಗಳನ್ನು ಕಟ್ಟುವ ಪ್ರಯತ್ನಗಳಲ್ಲಿ ಈ ಪ್ರಯೋಗಕ್ಕೆ ವಿಶೇಷ ಸ್ಥಾನವಿದೆ. ಬಾಹ್ಯಾಕಾಶ ನೌಕೆಯೊಂದರ ನಿರ್ವಹಣೆಯನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಪ್ಪಿಸಿದ್ದು ಅದೇ ಮೊದಲು. ಆದರೂ ಈ ಪ್ರಕರಣವನ್ನು ಇಲ್ಲಿ ವಿವರವಾಗಿ ಬಿಡಿಸಿ ನೋಡುತ್ತಿರುವುದು ಆ ಮೊದಲಿಗತನಕ್ಕಾಗಿ ಅಲ್ಲ. ಜೀವಿಗಳ ದೇಹದಿಂದ ಯಂತ್ರಕ್ಕೆ ಏನನ್ನು ತರಲಾಯಿತು, ಏನನ್ನು ತರದೆ ಬಿಡಲಾಯಿತು ಎಂಬುದು ಆ ಐದು ದಿನಗಳಲ್ಲಿ ಬೇರೆಲ್ಲೂ ಕಾಣದಷ್ಟು ಸ್ಪಷ್ಟವಾಗಿ ಬಯಲಾಯಿತು.

ಒಳಮುಖವಾಗಿ ನೋಡುವ ಯಂತ್ರ

ಡೀಪ್ ಸ್ಪೇಸ್ 1 ನೌಕೆಯು 1998ರ ಅಕ್ಟೋಬರ್ 24ರಂದು ಕೇಪ್ ಕೆನವೆರಲ್‌ನಿಂದ ಡೆಲ್ಟಾ 2 ರಾಕೆಟ್‌ನಲ್ಲಿ ಹೊರಟಿತು. ನಾಸಾದ ನ್ಯೂ ಮಿಲೇನಿಯಂ ಕಾರ್ಯಕ್ರಮದ ಮೊದಲ ನೌಕೆ ಅದು. ವಿಜ್ಞಾನದ ಫಲಕ್ಕಿಂತ ಹೆಚ್ಚಾಗಿ, ಹೊಸ ತಂತ್ರಜ್ಞಾನಗಳನ್ನು ಬಾಹ್ಯಾಕಾಶದಲ್ಲೇ ಪರೀಕ್ಷಿಸಿ ಮುಂದಿನ ನೌಕೆಗಳಿಗೆ ದಾರಿ ಮಾಡಿಕೊಡುವುದು ಅದರ ಕೆಲಸ. ಪರೀಕ್ಷೆಗೆ ಒಳಗಾಗಬೇಕಿದ್ದ ಹನ್ನೆರಡು ತಂತ್ರಜ್ಞಾನಗಳಲ್ಲಿ ಕ್ಸೆನಾನ್ ಅನಿಲದಿಂದ ನಡೆಯುವ ಅಯಾನ್ ಎಂಜಿನ್ ಒಂದು, ರಿಮೋಟ್ ಏಜೆಂಟ್ ಇನ್ನೊಂದು. ಈ ಎರಡನೆಯದನ್ನು ನಾಸಾದ ಏಮ್ಸ್ ಸಂಶೋಧನಾ ಕೇಂದ್ರ ಮತ್ತು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಸೇರಿ ರೂಪಿಸಿದ್ದವು. ನಿಕೊಲಾ ಮುಸ್ಚೆಟ್ಟೋಲಾ, ಪಾಂಡುರಂಗ ನಾಯಕ್, ಬಾರ್ನಿ ಪೆಲ್ ಮತ್ತು ಬ್ರಯನ್ ವಿಲಿಯಮ್ಸ್ ಅದರ ಪ್ರಮುಖ ರೂವಾರಿಗಳಲ್ಲಿ ಸೇರಿದವರು.

ಇವರಲ್ಲಿ ವಿಲಿಯಮ್ಸ್ ಮತ್ತು ನಾಯಕ್ 1996ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ‘ನಿಶ್ಚಲ ರೋಬೊ’ ಎಂಬ ಕಲ್ಪನೆಯನ್ನು ಮಂಡಿಸಿದರು. ರೋಬೊ ಎಂದರೆ ಕೈಕಾಲು ಆಡಿಸುತ್ತ ಹೊರಜಗತ್ತಿನಲ್ಲಿ ಓಡಾಡುವ ಯಂತ್ರ ಎಂಬುದು ರೂಢಿಯ ತಿಳಿವಳಿಕೆ. ಬಾಹ್ಯಾಕಾಶ ನೌಕೆ, ರಾಸಾಯನಿಕ ಕಾರ್ಖಾನೆ, ವಿದ್ಯುತ್ ಜಾಲ, ದೊಡ್ಡ ಕಟ್ಟಡದ ಹವಾ ನಿಯಂತ್ರಣ ಇಂಥವೂ ರೋಬೊಗಳೇ, ಆದರೆ ಅವುಗಳ ಗಮನ ಹೊರಗಿಗಿಂತ ಹೆಚ್ಚಾಗಿ ಒಳಗಿನ ಮೇಲಿರಬೇಕು ಎಂಬುದು ಅವರ ವಾದ. ಸಾವಿರಾರು ಸಂವೇದಕಗಳು ನರಮಂಡಲದಂತೆ ಹರಡಿರುವ ಇಂಥ ವ್ಯವಸ್ಥೆ ತನ್ನದೇ ಮಾದರಿಯನ್ನು ತನ್ನೊಳಗೆ ಇಟ್ಟುಕೊಂಡು, ದೇಹದ ಸಮತೋಲನ ಕಾಯುವ ವ್ಯವಸ್ಥೆಯಂತೆಯೂ ರೋಗನಿರೋಧಕ ವ್ಯವಸ್ಥೆಯಂತೆಯೂ ವರ್ತಿಸಬೇಕು, ದಶಕಗಳ ಕಾಲ ಯಾರ ಆರೈಕೆಯೂ ಇಲ್ಲದೆ ಬದುಕುಳಿಯಬೇಕು ಎಂಬುದು ಅವರ ಆಶಯವಾಗಿತ್ತು. ದೇಹದ ಹೋಲಿಕೆ ಇಲ್ಲಿ ಬರೀ ಅಲಂಕಾರವಾಗಿ ಬಂದಿರಲಿಲ್ಲ. ಮೇಲುಮಟ್ಟದ ಆಲೋಚನೆಯನ್ನೂ ಕೆಳಮಟ್ಟದ ಅನೈಚ್ಛಿಕ ನಿಯಂತ್ರಣವನ್ನೂ ಬಿಗಿಯಾಗಿ ಬೆಸೆಯಬೇಕು ಎಂಬ ವಿನ್ಯಾಸದ ನಿಯಮವೇ ಅದರಿಂದ ಹುಟ್ಟಿತು. ಕಂಪ್ಯೂಟರ್ ವ್ಯವಸ್ಥೆಗಳು ಅನೈಚ್ಛಿಕ ನರಮಂಡಲದಂತೆ ತಮ್ಮನ್ನು ತಾವೇ ನಿರ್ವಹಿಸಿಕೊಳ್ಳಬೇಕೆಂದು ಐಬಿಎಂನ ಪಾಲ್ ಹಾರ್ನ್ ಕರೆಕೊಟ್ಟದ್ದು ಇದಾದ ಐದು ವರ್ಷಗಳ ಮೇಲೆ, 2001ರಲ್ಲಿ.

ಅಂಥ ವ್ಯವಸ್ಥೆಯ ಅಗತ್ಯವೇನು ಎಂಬುದಕ್ಕೆ ನಮ್ಮ ಮಂಗಳಯಾನವೇ ಒಳ್ಳೆಯ ನಿದರ್ಶನ. 2014ರ ಸೆಪ್ಟೆಂಬರ್ 24ರಂದು ಆ ನೌಕೆ ಮಂಗಳದ ಕಕ್ಷೆ ಸೇರುವಾಗ ಸಂಕೇತ ಭೂಮಿ ತಲುಪಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕಿತ್ತು. ನೌಕೆಗಳ ಮೇಲೆ ನಿಗಾ ಇಡುವ ಇಸ್ರೊದ ಬೆಂಗಳೂರಿನ ಇಸ್ಟ್ರಾಕ್ ಕೇಂದ್ರದಲ್ಲಿ ಕುಳಿತವರು ಕಾಯಬಹುದಿತ್ತೇ ಹೊರತು ಕೈಹಾಕುವಂತಿರಲಿಲ್ಲ, ಆದ್ದರಿಂದ ಆಜ್ಞೆಗಳನ್ನೆಲ್ಲ ಮುಂಚೆಯೇ ನೌಕೆಗೆ ಏರಿಸಲಾಗಿತ್ತು. ಆದರೆ ಮುಂಚೆ ಬರೆದಿಟ್ಟ ಆಜ್ಞೆಗಳ ಸರಣಿಗೆ, ಬರೆದವರು ಊಹಿಸದಿದ್ದ ಪರಿಸ್ಥಿತಿ ಎದುರಾದಾಗ ಏನು ಮಾಡಬೇಕೆಂಬುದು ಗೊತ್ತಿರುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ನೌಕೆಗಳು ತೊಂದರೆ ಕಂಡೊಡನೆ ಎಲ್ಲ ಕೆಲಸ ಕೈಬಿಟ್ಟು, ಸೌರಫಲಕಗಳನ್ನು ಸೂರ್ಯನತ್ತ ತಿರುಗಿಸಿ, ಭೂಮಿಯ ಸೂಚನೆಗಾಗಿ ಕಾಯುವ ಸುರಕ್ಷಿತ ಸ್ಥಿತಿಗೆ ಹೋಗುತ್ತವೆ. ಕಾಯುವುದು ಸಾಧ್ಯವಿಲ್ಲದ ಹೊತ್ತಿನಲ್ಲೂ ಕೆಲಸ ಮುಂದುವರಿಸಬಲ್ಲ ನೌಕೆಯನ್ನು ಕಟ್ಟುವುದು ರಿಮೋಟ್ ಏಜೆಂಟ್ ತಂಡದ ಗುರಿಯಾಗಿತ್ತು.

ತಂತ್ರಾಂಶದಲ್ಲಿ ಮೂರು ಭಾಗಗಳಿದ್ದವು. ಮೊದಲನೆಯದು ಯೋಜಕ. ಇಂಥ ಅವಧಿಯಲ್ಲಿ ಇಷ್ಟು ಹೊತ್ತು ಎಂಜಿನ್ ನಡೆಯಬೇಕು, ಇಷ್ಟು ಕ್ಷುದ್ರಗ್ರಹಗಳ ಚಿತ್ರ ತೆಗೆಯಬೇಕು ಎಂಬ ಗುರಿಗಳನ್ನಷ್ಟೇ ಕೊಟ್ಟರೆ, ಅವುಗಳನ್ನು ಯಾವಾಗ ಯಾವ ಕ್ರಮದಲ್ಲಿ ಮಾಡುವುದೆಂದು ಅದು ನೌಕೆಯಲ್ಲೇ ಲೆಕ್ಕ ಹಾಕುತ್ತಿತ್ತು. ಎರಡನೆಯದು ಕಾರ್ಯನಿರ್ವಾಹಕ, ಅಂದರೆ ಎಕ್ಸೆಕ್. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದ ಈ ಭಾಗ ಯೋಜನೆಯನ್ನು ಸಣ್ಣ ಸಣ್ಣ ಆಜ್ಞೆಗಳಾಗಿ ಒಡೆದು, ಹಲವು ಥ್ರೆಡ್‌ಗಳನ್ನು, ಅಂದರೆ ಕೆಲಸದ ಬೇರೆ ಬೇರೆ ಎಳೆಗಳನ್ನು, ಏಕಕಾಲಕ್ಕೆ ನಡೆಸುತ್ತ, ಒಂದು ಕೆಲಸ ಇನ್ನೊಂದರ ಕಾಲಿಗೆ ಅಡ್ಡ ಬರದಂತೆ ನೋಡಿಕೊಳ್ಳುತ್ತಿತ್ತು. ಮೂರನೆಯದು ಲಿವಿಂಗ್‌ಸ್ಟನ್. ವಿಲಿಯಮ್ಸ್ ಮತ್ತು ನಾಯಕ್ ಕಂಡ ರೋಗನಿರೋಧಕ ವ್ಯವಸ್ಥೆ ಎಂದರೆ ಇದೇ.

ಲಿವಿಂಗ್‌ಸ್ಟನ್ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೌಕೆಯ ಪ್ರತಿಯೊಂದು ಬಿಡಿಭಾಗಕ್ಕೂ, ಉದಾಹರಣೆಗೆ ಒಂದು ಕವಾಟಕ್ಕೆ, ಅದು ಇರಬಹುದಾದ ಸ್ಥಿತಿಗಳೆಲ್ಲ ಮಾದರಿಯಲ್ಲಿ ದಾಖಲಾಗಿರುತ್ತವೆ: ತೆರೆದಿದೆ, ಮುಚ್ಚಿದೆ, ತೆರೆದಂತೆಯೇ ಕಚ್ಚಿಕೊಂಡಿದೆ, ಮುಚ್ಚಿದಂತೆಯೇ ಕಚ್ಚಿಕೊಂಡಿದೆ. ಪ್ರತಿಯೊಂದು ದೋಷಕ್ಕೂ ಅದು ಎಷ್ಟರ ಮಟ್ಟಿಗೆ ಸಂಭವನೀಯ ಎಂಬ ಅಂದಾಜಿರುತ್ತದೆ. ಕೊಟ್ಟ ಆಜ್ಞೆಗಳ ಪ್ರಕಾರ ಸಂವೇದಕಗಳು ಏನು ಹೇಳಬೇಕಿತ್ತು ಎಂಬುದನ್ನು ಈ ಮಾದರಿಯಿಂದ ತರ್ಕಿಸಿ, ಅವು ನಿಜವಾಗಿ ಹೇಳುತ್ತಿರುವುದರೊಂದಿಗೆ ಲಿವಿಂಗ್‌ಸ್ಟನ್ ಹೋಲಿಸುತ್ತಿತ್ತು. ಎರಡೂ ಹೊಂದದಿದ್ದರೆ, ಕಂಡದ್ದನ್ನೆಲ್ಲ ವಿವರಿಸಬಲ್ಲ ಅತ್ಯಂತ ಸಂಭವನೀಯ ದೋಷ ಯಾವುದೆಂದು ಹುಡುಕಿ, ಅದರಿಂದ ಹೊರಬರಲು ಕಡಿಮೆ ವೆಚ್ಚದ ದಾರಿಯನ್ನು ಸೂಚಿಸುತ್ತಿತ್ತು. ‘ಇಂಥ ಲಕ್ಷಣ ಕಂಡರೆ ಇಂಥ ಚಿಕಿತ್ಸೆ ಮಾಡು’ ಎಂಬ ಪಟ್ಟಿಯನ್ನು ಯಾರೂ ಅದಕ್ಕೆ ಬರೆದುಕೊಡಬೇಕಾಗಿರಲಿಲ್ಲ. ಹಿಂದೆಂದೂ ಕಾಣದ ರೋಗಾಣುವನ್ನು ಎದುರಿಸಬಲ್ಲ ದೇಹದ ಗುಣಕ್ಕೆ ಯಂತ್ರಲೋಕದಲ್ಲಿ ಇಷ್ಟು ಹತ್ತಿರ ಬಂದದ್ದು ಆ ಕಾಲದಲ್ಲಿ ಬೇರೊಂದಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ.

ಮೊದಲ ಉದ್ದೇಶದಂತೆ ರಿಮೋಟ್ ಏಜೆಂಟ್ ಇಡೀ ಯಾನವನ್ನೇ ನಡೆಸಬೇಕಾಗಿತ್ತು. 1997ರಲ್ಲಿ ಕಾಲಾವಕಾಶದ ಒತ್ತಡದಲ್ಲಿ ಆ ಯೋಚನೆ ಕೈಬಿಟ್ಟು, ಸಾಂಪ್ರದಾಯಿಕ ಹಾರಾಟ ತಂತ್ರಾಂಶದ ಮೇಲೆ ಕೆಲವು ದಿನಗಳ ಮಟ್ಟಿಗೆ ನಡೆಯುವ ಪ್ರಯೋಗವಾಗಿ ಅದನ್ನು ಕುಗ್ಗಿಸಲಾಯಿತು. ಅಂದು ನಿರಾಸೆ ತಂದಿರಬಹುದಾದ ಈ ತೀರ್ಮಾನವೇ ನೌಕೆಗೆ ಮುಂದೆ ಆಸರೆಯಾಯಿತು. ಹಾರಾಟ ತಂತ್ರಾಂಶವೂ ಅದರ ದೋಷರಕ್ಷಣಾ ಏರ್ಪಾಡೂ ಕೆಳಗಿನ ಪದರದಲ್ಲಿ ಎಂದಿನಂತೆ ಇದ್ದುವು. ರಿಮೋಟ್ ಏಜೆಂಟನ್ನು ಬೇಕೆಂದಾಗ ಭೂಮಿಯಿಂದಲೇ ನಿಲ್ಲಿಸಬಹುದಿತ್ತು.

ಸೋಮವಾರದಿಂದ ಮಂಗಳವಾರದವರೆಗೆ

ಮೇ 17ರ ಸೋಮವಾರ ಎರಡು ದಿನಗಳ ಪ್ರಯೋಗ ಆರಂಭವಾಯಿತು. ಯೋಜಕ ತನ್ನ ಮೊದಲ ಯೋಜನೆಯನ್ನು ನೌಕೆಯಲ್ಲೇ ಸಿದ್ಧಪಡಿಸಿತು. ಎಕ್ಸೆಕ್ ಅದನ್ನು ನಡೆಸಲು ಶುರುಮಾಡಿತು. ಪ್ರಯೋಗದ ಭಾಗವಾಗಿ ಕೆಲವು ದೋಷಗಳನ್ನು ಬೇಕೆಂದೇ ನಟಿಸಲು ಏರ್ಪಾಡಾಗಿತ್ತು. ಕ್ಯಾಮೆರಾದ ವಿದ್ಯುತ್ ಸ್ವಿಚ್ಚು ಆರಿಸಲಾಗದಂತೆ ಕಚ್ಚಿಕೊಂಡಿದೆ ಎಂದು ನಂಬಿಸುವುದು ಅವುಗಳಲ್ಲೊಂದು. ಸ್ವಿಚ್ಚು ಆರದಿದ್ದರೆ ಕ್ಯಾಮೆರಾ ವಿದ್ಯುತ್ತನ್ನು ಕುಡಿಯುತ್ತಲೇ ಇರುತ್ತದೆ, ಮೊದಲಿನ ಯೋಜನೆಯ ವಿದ್ಯುತ್ ಲೆಕ್ಕ ತಪ್ಪುತ್ತದೆ. ಇಂಥ ಸಂದರ್ಭದಲ್ಲಿ ಎಕ್ಸೆಕ್ ಹಳೆಯ ಯೋಜನೆಯನ್ನು ಕೈಬಿಟ್ಟು, ನೌಕೆಯನ್ನು ನೆಮ್ಮದಿಯ ಸ್ಥಿತಿಯಲ್ಲಿಟ್ಟು, ಬದಲಾದ ವಾಸ್ತವವನ್ನು ಒಪ್ಪಿಕೊಂಡ ಹೊಸ ಯೋಜನೆಗಾಗಿ ಯೋಜಕನನ್ನು ಕೇಳಬೇಕು. ಅದು ಹಾಗೆಯೇ ನಡೆಯಿತು.

ಮಂಗಳವಾರ ಬೆಳಿಗ್ಗೆ ಎಂಜಿನ್ ನಿಲ್ಲದೆ ಹೋದಾಗ ತಂಡ ಗಾಬರಿಗೆ ಬಿದ್ದು ಪ್ರಯೋಗವನ್ನು ಥಟ್ಟನೆ ಮುಗಿಸಲಿಲ್ಲ. ಯೋಜನೆಯ ನಡೆ ಕಟ್ಟಿಹೋಗಿದ್ದರೂ ರಿಮೋಟ್ ಏಜೆಂಟಿನ ಉಳಿದ ಭಾಗಗಳು ಸ್ಪಂದಿಸುತ್ತಿದ್ದವು. ಆದ್ದರಿಂದ ಎಕ್ಸೆಕ್‌ಗೆ ಸಣ್ಣ ಮಟ್ಟದ ಆಜ್ಞೆಗಳನ್ನು ನೇರವಾಗಿ ಕಳುಹಿಸಿ, ಅದರ ಒಳಸ್ಥಿತಿಯ ವಿವರಗಳನ್ನು ಅದರಿಂದಲೇ ಹೊರಡಿಸಿಕೊಳ್ಳಲಾಯಿತು. ಕಾರಣ ಹುಡುಕುವಷ್ಟು ಮಾಹಿತಿ ಕೈಗೆ ಬಂದ ಮೇಲೆ ಪ್ರಯೋಗವನ್ನು ನಿಲ್ಲಿಸಿದರು. ಆ ಹೊತ್ತಿಗೆ ಪ್ರಯೋಗದ ಉದ್ದೇಶಗಳಲ್ಲಿ ಶೇಕಡಾ 70ರಷ್ಟು ಈಡೇರಿದ್ದವು ಎಂದು ತಂಡ ಅಂದಾಜು ಮಾಡಿತು.

ಅದೇ ದಿನ ಮಧ್ಯಾಹ್ನ ಕಳೆಯುವುದರೊಳಗೆ ಕಾರಣ ಗೊತ್ತಾಯಿತು. ಎಕ್ಸೆಕ್‌ನ ಎರಡು ಥ್ರೆಡ್‌ಗಳು ಒಂದು ಇನ್ನೊಂದರಿಂದ ಬರಬೇಕಾದ ಸಂಕೇತಕ್ಕಾಗಿ ಕಾಯುತ್ತ ನಿಂತಿದ್ದವು. ಎರಡೂ ಕಾಯುತ್ತಿದ್ದುದರಿಂದ ಯಾವುದೂ ಕಳುಹಿಸುವಂತಿರಲಿಲ್ಲ. ತಂತ್ರಾಂಶದವರು ಡೆಡ್‌ಲಾಕ್ ಎನ್ನುವ ಸ್ಥಿತಿ ಅದು. ಅದರ ಮೂಲ ಇನ್ನೂ ಒಂದು ಹೆಜ್ಜೆ ಹಿಂದಿತ್ತು. ಒಂದು ಥ್ರೆಡ್ ‘ಹೊಸದೇನಾದರೂ ಆಗಿದೆಯೇ’ ಎಂದು ಪರೀಕ್ಷಿಸುವುದು, ‘ಇಲ್ಲ’ ಎಂದಾದರೆ ನಿದ್ರೆಗೆ ಜಾರಿ ಎಚ್ಚರಿಸುವ ಸಂಕೇತಕ್ಕಾಗಿ ಕಾಯುವುದು, ಈ ಎರಡು ಕ್ರಿಯೆಗಳು ನಡುವೆ ಯಾರೂ ತೂರದಂತೆ ಒಟ್ಟಿಗೆ ನಡೆಯಬೇಕು. ಆ ರಕ್ಷಣೆ ತಂತ್ರಾಂಶದ ಸಂಕೇತಾವಳಿಯ (ಕೋಡ್) ಒಂದು ಜಾಗದಲ್ಲಿ ಬಿಟ್ಟುಹೋಗಿತ್ತು. ರಾತ್ರಿ ಕಾವಲುಗಾರ ಗೇಟಿನ ಪುಸ್ತಕ ನೋಡಿ ‘ಯಾರೂ ಬಂದಿಲ್ಲ’ ಎಂದು ಖಚಿತಪಡಿಸಿಕೊಂಡು ಮಲಗಲು ಹೋಗುತ್ತಾನೆ. ಅವನು ತಲೆ ದಿಂಬಿಗೆ ತಾಗಿಸುವ ಮುನ್ನವೇ ಗಂಟೆ ಬಾರಿಸುತ್ತದೆ. ಮಲಗಿದವನನ್ನು ಎಬ್ಬಿಸಲೆಂದಷ್ಟೇ ಇಟ್ಟ ಗಂಟೆ ಅದು, ಎಚ್ಚರವಿರುವವನಿಗೆ ಲೆಕ್ಕಕ್ಕಿಲ್ಲ. ಅವನು ಮಲಗಿ, ಈಗಾಗಲೇ ಬಾರಿಸಿ ಮುಗಿದ ಗಂಟೆಗಾಗಿ ಕಾಯತೊಡಗುತ್ತಾನೆ. ಗಂಟೆ ಬಾರಿಸಿದವನೂ ಹೊರಗೆ ಕಾಯುತ್ತಲೇ ಇರುತ್ತಾನೆ.

ಪರೀಕ್ಷೆಗೂ ಸಿಗದ ದೋಷ

ಈ ಬಗೆಯ ದೋಷದಲ್ಲಿ ಎಲ್ಲವೂ ಕಾಲದ ಒಂದು ಸೂಕ್ಷ್ಮ ಕಿಂಡಿಯನ್ನು ಅವಲಂಬಿಸಿರುತ್ತದೆ. ಎರಡು ಥ್ರೆಡ್‌ಗಳ ಓಟದಲ್ಲಿ ಯಾವುದು ಮೊದಲು ತಲುಪುತ್ತದೆ ಎಂಬುದರ ಮೇಲೆ ಫಲ ನಿಂತಿರುತ್ತದೆ, ಮತ್ತು ಭೂಮಿಯ ಮೇಲಿನ ವಿವಿಧ ಪರೀಕ್ಷಾ ವ್ಯವಸ್ಥೆಗಳಲ್ಲಿ ಆ ಓಟ ಸಾವಿರಾರು ಬಾರಿ ನಡೆದಿದ್ದರೂ ಒಂದು ಸಲವೂ ತಪ್ಪು ಥ್ರೆಡ್ ಗೆದ್ದಿರಲಿಲ್ಲ. ಗೆದ್ದದ್ದು ಬಾಹ್ಯಾಕಾಶದಲ್ಲಿ, ಎಲ್ಲರೂ ನೋಡುತ್ತಿದ್ದಾಗ. ಮತ್ತೆ ಮತ್ತೆ ಓಡಿಸಿ ನೋಡುವುದನ್ನೇ ಪರೀಕ್ಷೆ ಎಂದು ನಂಬುವವರು ಈ ಒಂದು ಸಂಗತಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಪ್ರಕರಣದ ಅತ್ಯಂತ ಮುಖ್ಯವಾದ ಭಾಗ ನನ್ನ ದೃಷ್ಟಿಯಲ್ಲಿ ಇಲ್ಲಿಂದ ಮುಂದಿದೆ. ಈ ಪ್ರಯೋಗಕ್ಕೆ ಎರಡು ವರ್ಷ ಮೊದಲು, 1997ರಲ್ಲಿ, ಏಮ್ಸ್ ಕೇಂದ್ರದ ಕ್ಲಾಸ್ ಹಾವೆಲುಂಡ್ ಮತ್ತು ಸಂಗಡಿಗರು ಎಕ್ಸೆಕ್‌ನ ಒಂದು ಭಾಗವನ್ನು ಎತ್ತಿಕೊಂಡು, ಸ್ಪಿನ್ ಎಂಬ ಉಪಕರಣದ ನೆರವಿನಿಂದ ಗಣಿತದ ಶಿಸ್ತಿನಲ್ಲಿ ಪರಿಶೀಲಿಸಿದ್ದರು. ಥ್ರೆಡ್‌ಗಳ ಹೆಜ್ಜೆಗಳು ಒಂದರೊಳಗೊಂದು ಹೆಣೆದುಕೊಳ್ಳಬಹುದಾದ ಎಲ್ಲ ಕ್ರಮಗಳನ್ನೂ ಸ್ಪಿನ್ ಒಂದೊಂದಾಗಿ ನಡೆದು ನೋಡುತ್ತದೆ. ಅಪರೂಪದ ಕ್ರಮವೆಂದು ಯಾವುದನ್ನೂ ಬಿಡುವುದಿಲ್ಲ. ಆ ಪರಿಶೀಲನೆಯಲ್ಲಿ ಏಕಕಾಲಿಕತೆಗೆ ಸಂಬಂಧಿಸಿದ ಐದು ದೋಷಗಳು ಸಿಕ್ಕವು, ಅವುಗಳನ್ನು ತಿದ್ದಲಾಯಿತು. ನೌಕೆಯಲ್ಲಿ ಕಾಣಿಸಿಕೊಂಡ ದೋಷ ಆ ಐದರಲ್ಲೊಂದರ ತದ್ರೂಪ, ಆದರೆ ಪರಿಶೀಲನೆಗೆ ಒಳಗಾಗದಿದ್ದ ಬೇರೆ ಭಾಗದಲ್ಲಿತ್ತು. ಘಟನೆಯ ನಂತರ ಅದೇ ಸಂಶೋಧಕರ ಬಳಗ, ಕಾರಣವನ್ನು ಮುಂಚೆ ತಿಳಿದುಕೊಳ್ಳದೆ, ಸಂಕೇತಾವಳಿಯನ್ನಷ್ಟೇ ಇಟ್ಟುಕೊಂಡು ದೋಷ ಹುಡುಕುವ ಸವಾಲು ಸ್ವೀಕರಿಸಿತು. ಒಂದು ಗುಂಪು ಸಂಶಯಾಸ್ಪದ ಭಾಗಗಳನ್ನು ಗುರುತಿಸಿತು, ಇನ್ನೊಂದು ಗುಂಪು ಮಾದರಿ ಕಟ್ಟಿ ಪರಿಶೀಲಿಸಿತು. ಡೆಡ್‌ಲಾಕ್ ಅವರ ಬಲೆಗೂ ಬಿತ್ತು.

ಲಿವಿಂಗ್‌ಸ್ಟನ್ ಇದನ್ನು ಯಾಕೆ ಕಂಡುಹಿಡಿಯಲಿಲ್ಲ ಎಂದು ಓದುಗರು ಕೇಳಬಹುದು, ಮತ್ತು ಕೇಳಲೇಬೇಕಾದ ಪ್ರಶ್ನೆ ಅದು. ಕವಾಟ, ಸ್ವಿಚ್ಚು, ಸಂವೇದಕ, ಥ್ರಸ್ಟರ್ ಇವುಗಳೆಲ್ಲದರ ಕಾಯಿಲೆ ಅದಕ್ಕೆ ಗೊತ್ತಿತ್ತು, ಏಕೆಂದರೆ ಅವೆಲ್ಲ ಅದರ ಮಾದರಿಯಲ್ಲಿದ್ದವು. ಎಕ್ಸೆಕ್ ಮಾದರಿಯಲ್ಲಿರಲಿಲ್ಲ, ಲಿವಿಂಗ್‌ಸ್ಟನ್ ತಾನೂ ಇರಲಿಲ್ಲ. ನೌಕೆ ತನ್ನ ದೇಹವನ್ನು ಬಲ್ಲದ್ದಾಗಿತ್ತು, ತನ್ನ ನರಮಂಡಲವನ್ನು ಬಲ್ಲದ್ದಾಗಿರಲಿಲ್ಲ. ಎಂಜಿನ್ ನಡೆಯುತ್ತಿದೆ, ನಿಲ್ಲಿಸುವ ಆಜ್ಞೆ ಬಂದಿಲ್ಲ, ಆದ್ದರಿಂದ ನಡೆಯುತ್ತಿರುವುದೇ ಸರಿ. ಅದರ ತರ್ಕದ ಒಳಗೆ ಯಾವ ವಿರೋಧವೂ ಇರಲಿಲ್ಲ. ಬಾರದಿರುವ ಆಜ್ಞೆ ರೋಗಲಕ್ಷಣವಾಗಬಹುದು ಎಂಬುದನ್ನು ಯಾರೂ ಅದಕ್ಕೆ ಹೇಳಿರಲಿಲ್ಲ.

ದೇಹದಲ್ಲಿ ಇದಕ್ಕೆ ಪರಿಹಾರ ಇರುವುದು ಮೇಲಿನ ಪದರದ ಜಾಣತನದಲ್ಲಿ ಅಲ್ಲ. ಹೃದಯದ ಬಡಿತ ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಕೋಶಗಳ ಗುಂಪೊಂದು ತಾನೇ ಲಯ ಹುಟ್ಟಿಸುತ್ತದೆ, ನರಗಳು ಆ ಲಯವನ್ನು ಏರಿಸುತ್ತವೆ ಇಲ್ಲವೇ ಇಳಿಸುತ್ತವೆ ಅಷ್ಟೆ. ಹಾಗಾಗಿಯೇ ನರಸಂಪರ್ಕ ಕತ್ತರಿಸಿ ಕಸಿ ಮಾಡಿದ ಹೃದಯವೂ ಬಡಿಯುತ್ತದೆ. ಮೇಲಿನದು ಸ್ತಬ್ಧವಾದರೂ ಕೆಳಗಿನದು ನಡೆಯುವಂತೆ ಪದರಗಳನ್ನು ಜೋಡಿಸಿರುವುದು ದೇಹದ ಭದ್ರತೆಯ ಗುಟ್ಟು. ಡೀಪ್ ಸ್ಪೇಸ್ 1ರಲ್ಲಿ ಈ ಕೆಳಪದರ ಇತ್ತು. ಹಳೆಯ ಹಾರಾಟ ತಂತ್ರಾಂಶ ನೌಕೆಯ ದಿಕ್ಕು, ಉಷ್ಣತೆ, ವಿದ್ಯುತ್ತುಗಳನ್ನು ಕಾಯುತ್ತಲೇ ಇದ್ದುದರಿಂದ, ಮೇಲಿದ್ದ ಬುದ್ಧಿವಂತ ಪದರ ಸ್ತಬ್ಧವಾಗಿದ್ದಷ್ಟು ಹೊತ್ತೂ ನೌಕೆಗೆ ಏನೂ ಆಗಲಿಲ್ಲ. ರಿಮೋಟ್ ಏಜೆಂಟನ್ನು ಪ್ರಯೋಗದ ಮಟ್ಟಕ್ಕೆ ಇಳಿಸಿದ 1997ರ ತೀರ್ಮಾನ ಯಾರೂ ಉದ್ದೇಶಿಸದೆಯೇ ದೇಹಕ್ಕೆ ಹೆಚ್ಚು ಹತ್ತಿರವಾದ ವಿನ್ಯಾಸವನ್ನು ತಂದಿತ್ತು.

ಒಂದು ರಾತ್ರಿಯ ಕೆಲಸ, ಒಂದು ಕಠಿಣ ತೀರ್ಮಾನ

ಉಳಿದ ಶೇಕಡಾ 30ರಷ್ಟು ಉದ್ದೇಶಗಳಿಗಾಗಿ ತಂಡ ಆರು ಗಂಟೆಗಳ ಹೊಸ ಪ್ರಯೋಗವನ್ನು ರೂಪಿಸಿತು. ಅದರಲ್ಲಿ ಅಯಾನ್ ಎಂಜಿನ್ನಿನ ನಡೆಯೂ ಮೂರು ನಟಿತ ದೋಷಗಳೂ ಸೇರಿದ್ದವು. ದೋಷ ತಿದ್ದುವ ಪ್ಯಾಚ್ ಸಹ ಸಿದ್ಧವಾಯಿತು. ಇವೆರಡನ್ನೂ ನೌಕೆಯ ಕಂಪ್ಯೂಟರನ್ನು ಹೋಲುವ ಪಾಪಾಬೆಡ್ ಎಂಬ ಪರೀಕ್ಷಾ ವ್ಯವಸ್ಥೆಯಲ್ಲಿ ಸುಮಾರು ಹತ್ತು ಗಂಟೆಗಳಲ್ಲಿ, ರಾತ್ರೋರಾತ್ರಿ, ವಿನ್ಯಾಸ ಮಾಡಿ ಪರೀಕ್ಷಿಸಿದರು. ಸಾಮಾನ್ಯ ನೌಕೆಯ ಆಜ್ಞಾಸರಣಿಯನ್ನು ಇಷ್ಟು ಬೇಗ ಹೊಸದಾಗಿ ಬರೆದು ಒಪ್ಪಿಗೆ ಪಡೆಯುವುದು ಕಷ್ಟ. ಇಲ್ಲಿ ಬದಲಿಸಬೇಕಾಗಿದ್ದುದು ಗುರಿಗಳನ್ನು ಮಾತ್ರ, ವಿವರಗಳನ್ನು ಯೋಜಕ ತಾನೇ ತುಂಬಿಕೊಳ್ಳುತ್ತಿತ್ತು. ವಿಫಲತೆಯ ಮಾರನೆಯ ದಿನವೇ ತಂತ್ರಾಂಶದ ದೊಡ್ಡ ಅನುಕೂಲವೊಂದು ಹೀಗೆ ಸಾಬೀತಾಯಿತು.

ಬುಧವಾರದ ಸಭೆಯಲ್ಲಿ ಯೋಜನೆಯ ಹೊಣೆ ಹೊತ್ತವರು ಹೊಸ ಪ್ರಯೋಗಕ್ಕೆ ಒಪ್ಪಿದರು, ಪ್ಯಾಚ್‌ಗೆ ಒಪ್ಪಲಿಲ್ಲ. ಗೊತ್ತಿರುವ ದೋಷವನ್ನು ಹಾಗೆಯೇ ಇಟ್ಟುಕೊಂಡು ಹಾರಿಸುವುದು ಮೇಲ್ನೋಟಕ್ಕೆ ವಿಚಿತ್ರ ಎನಿಸುತ್ತದೆ. ಅವರ ತರ್ಕ ಬೇರೆಯಿತ್ತು: ಹಳೆಯ ಸಂಕೇತಾವಳಿಯ ದೋಷ ಯಾವುದೆಂದು ಗೊತ್ತು, ಆರು ಗಂಟೆಗಳಲ್ಲಿ ಅದು ಮರುಕಳಿಸುವ ಸಂಭವ ತೀರ ಕಡಿಮೆ ಎಂಬುದು ನೆಲದ ಮೇಲಿನ ಅನುಭವದಿಂದ ಗೊತ್ತು, ಮರುಕಳಿಸಿದರೂ ಬಹುಪಾಲು ಉದ್ದೇಶಗಳನ್ನು ಈಡೇರಿಸಿಕೊಳ್ಳುವ ಬದಲಿ ವಿಧಾನ ಪರೀಕ್ಷೆಯಾಗಿ ಸಿದ್ಧವಿದೆ, ಹೊಸ ಪ್ಯಾಚ್ ಮತ್ತೇನನ್ನು ಕೆಡಿಸುತ್ತದೆ ಎಂಬುದನ್ನು ಒಂದು ರಾತ್ರಿಯ ಪರೀಕ್ಷೆ ಹೇಳಲಾರದು. ಸ್ವಾಯತ್ತ ವ್ಯವಸ್ಥೆಗಳನ್ನು ಕಟ್ಟುವ ಎಂಜಿನಿಯರುಗಳು ಈ ತೀರ್ಮಾನವನ್ನು ಅಂಜುಬುರುಕತನ ಎಂದು ತಳ್ಳಿಹಾಕದೆ ಗಂಭೀರವಾಗಿ ಓದಬೇಕೆಂದು ನನಗೆ ಅನಿಸುತ್ತದೆ.

ಶುಕ್ರವಾರ, ಮೇ 21

ಶುಕ್ರವಾರ ಬೆಳಿಗ್ಗೆ ಆರಂಭವಾದ ಪ್ರಯೋಗದಲ್ಲಿ ಡೆಡ್‌ಲಾಕ್ ಮರುಕಳಿಸಲಿಲ್ಲ. ಲಿವಿಂಗ್‌ಸ್ಟನ್‌ನ ಸಾಮರ್ಥ್ಯ ಕಾಣಿಸಬೇಕಾದ ದೋಷಗಳು ಒಂದಾದ ಮೇಲೊಂದು ಎದುರಾದವು. ಉಪಕರಣವೊಂದು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಾಗ ಅದನ್ನು ಮರುಚಾಲನೆಗೊಳಿಸಿ ಸಂಪರ್ಕ ಮರಳಿ ಪಡೆಯಲಾಯಿತು. ಸ್ವಿಚ್ಚಿನ ಸ್ಥಿತಿ ತೋರಿಸುವ ಸಂವೇದಕ ತಪ್ಪು ಹೇಳಿದಾಗ, ಉಳಿದ ಸಾಕ್ಷ್ಯಗಳನ್ನೆಲ್ಲ ತೂಗಿ ಸ್ವಿಚ್ಚು ಸರಿಯಿದೆ, ಕೆಟ್ಟಿರುವುದು ಸಂವೇದಕ ಎಂಬ ತೀರ್ಮಾನಕ್ಕೆ ಅದು ಬಂತು. ನೌಕೆಯ ದಿಕ್ಕು ತಿರುಗಿಸುವ ಥ್ರಸ್ಟರ್‌ನ ಕವಾಟ ಮುಚ್ಚಿದಂತೆಯೇ ಕಚ್ಚಿಕೊಂಡಿದೆ ಎಂದಾಗ, ಆ ಥ್ರಸ್ಟರ್ ಬೇಡದ ನಿಯಂತ್ರಣ ವಿಧಾನಕ್ಕೆ ಬದಲಾಯಿಸಲಾಯಿತು. ಈ ಮೂರರಲ್ಲಿ ನಡುವಿನದು ನನಗೆ ಹೆಚ್ಚು ಹಿಡಿಸುತ್ತದೆ. ತನ್ನ ಕಣ್ಣನ್ನೇ ನಂಬಬಾರದ ಹೊತ್ತು ಯಾವುದೆಂದು ಯಂತ್ರವೊಂದು ತರ್ಕದಿಂದ ಕಂಡುಕೊಂಡದ್ದು ಸಣ್ಣ ಸಾಧನೆಯಲ್ಲ.

ಇದರ ನಡುವೆ ಯಾರೂ ನಟಿಸದ ದೋಷವೊಂದು ಬಂತು. ಅಯಾನ್ ಎಂಜಿನ್ ಚಾಲೂ ಆಗುವ ಹೊತ್ತಿನಲ್ಲಿ ಹಾರಾಟ ತಂತ್ರಾಂಶದಿಂದ ರಿಮೋಟ್ ಏಜೆಂಟಿಗೆ ಬರಬೇಕಿದ್ದ ಮುಖ್ಯವಾದ ಮಾಹಿತಿಯೊಂದು ದಾರಿಯಲ್ಲಿ ಕಳೆದುಹೋಯಿತು. ಎಲ್ಲಿ, ಯಾಕೆ ಕಳೆಯಿತೆಂಬುದು ತಂಡದ ವರದಿಯಲ್ಲೂ ಇತ್ಯರ್ಥವಾಗಲಿಲ್ಲ. ಪರಿಣಾಮವಾಗಿ ಎಂಜಿನ್ನಿನ ನಿಜಸ್ಥಿತಿಯೂ ರಿಮೋಟ್ ಏಜೆಂಟಿನ ನಂಬಿಕೆಯೂ ಬೇರೆ ಬೇರೆಯಾದವು. ಅದೃಷ್ಟವಶಾತ್ ಆ ವ್ಯತ್ಯಾಸದಿಂದ ಹಾನಿಯಾಗಲಿಲ್ಲ, ಉಳಿದ ಕಾರ್ಯಗಳೆಲ್ಲ ನಡೆದವು, ಎರಡೂ ಪ್ರಯೋಗಗಳು ಸೇರಿ ಉದ್ದೇಶಗಳು ಶೇಕಡಾ 100ರಷ್ಟು ಈಡೇರಿದವು. 1999ರ ನಾಸಾದ ವರ್ಷದ ತಂತ್ರಾಂಶ ಪ್ರಶಸ್ತಿಯೂ ರಿಮೋಟ್ ಏಜೆಂಟಿಗೆ, ಮತ್ತೊಂದು ತಂತ್ರಾಂಶದೊಂದಿಗೆ ಜಂಟಿಯಾಗಿ, ಸಂದಿತು.

ಪ್ರಶಸ್ತಿಯ ಬೆಳಕಿನಲ್ಲಿ ಶುಕ್ರವಾರದ ಈ ಸಣ್ಣ ಘಟನೆ ಮರೆಗೆ ಸರಿಯಿತು. ಮಂಗಳವಾರದ ಡೆಡ್‌ಲಾಕಿನ ಬಗ್ಗೆ ಪಠ್ಯಗಳಲ್ಲಿ ಓದುತ್ತೇವೆ, ಕಳೆದುಹೋದ ಸಂದೇಶದ ಬಗ್ಗೆ ಅಷ್ಟಾಗಿ ಓದುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅವು ಒಂದೇ ಕುಲದವು ಎಂಬುದು ಕಾಣುತ್ತದೆ. ಎರಡರಲ್ಲೂ ಒಂದು ಸಂಕೇತ ಒಂದೇ ಒಂದು ಸಲ ಹೊರಟಿತು. ಮಂಗಳವಾರ ಅದು ಕೇಳುವವನು ಕಿವಿಗೊಡದ ಕ್ಷಣದಲ್ಲಿ ಬಂತು, ಶುಕ್ರವಾರ ಬರಲೇ ಇಲ್ಲ. ಎರಡರಲ್ಲೂ ಕಳುಹಿಸಿದವನಿಗೆ ಅದನ್ನು ಮತ್ತೊಮ್ಮೆ ಹೇಳುವ ಅಭ್ಯಾಸವಿರಲಿಲ್ಲ. ಮಾಹಿತಿಯನ್ನು ಆಗಾಗ ಮರುಕಳುಹಿಸುತ್ತಿದ್ದರೆ ಶುಕ್ರವಾರದ ತೊಂದರೆ ತಪ್ಪುತ್ತಿತ್ತು ಎಂಬುದನ್ನು ತಂಡವೂ ಬಲ್ಲದ್ದಾಗಿತ್ತು. ಪ್ರಯೋಗದ ವ್ಯಾಪ್ತಿಗೆ ಅದು ಮೀರಿದ್ದೆಂದು ಬಿಡಲಾಗಿತ್ತು.

ಮಿಡಿತ

ದೇಹ ಇದನ್ನು ಹೇಗೆ ಮಾಡುತ್ತದೆ ಎಂದು ನೋಡೋಣ. ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆಯಲ್ಲಿ ರಕ್ತದೊತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಬದಲಾದಾಗ ಒಮ್ಮೆ ವರದಿ ಮಾಡಿ ಅವು ಸುಮ್ಮನಾಗುವುದಿಲ್ಲ. ಪ್ರತಿ ಹೃದಯಬಡಿತದೊಂದಿಗೂ ಸಂಕೇತಗಳ ಸರಣಿಯನ್ನು ಕಳುಹಿಸುತ್ತವೆ. ಒತ್ತಡ ಏರಿದರೆ ಸರಣಿ ದಟ್ಟವಾಗುತ್ತದೆ, ಇಳಿದರೆ ವಿರಳವಾಗುತ್ತದೆ. ನಡುವೆ ಒಂದೆರಡು ಸಂಕೇತಗಳು ತಪ್ಪಿದರೂ ಮುಂದಿನ ಬಡಿತ ಲೆಕ್ಕವನ್ನು ಸರಿಮಾಡುತ್ತದೆ, ಸಂಕೇತ ಕಡಿಮೆಯಾದರೆ ಅದೂ ಒಂದು ಸುದ್ದಿಯಾಗುತ್ತದೆ. ರಿಮೋಟ್ ಏಜೆಂಟನ್ನು ರೂಪಿಸಿದವರು ದೇಹದಿಂದ ರೋಗನಿರ್ಣಯದ ಶಕ್ತಿಯನ್ನು ತಂದರು, ಮಾದರಿಯ ಮೂಲಕ ಒಳಗನ್ನು ಅರಿಯುವ ಕಲ್ಪನೆಯನ್ನು ತಂದರು. ಈ ಎಡೆಬಿಡದ ಪುನರುಕ್ತಿ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಅಥವಾ ಬಿದ್ದರೂ ವ್ಯರ್ಥ ವೆಚ್ಚವಾಗಿ ಕಂಡಿರಬೇಕು. ಆಲೋಚನೆಯೇ ಜೀವಿಗಳ ದೊಡ್ಡ ಬಂಡವಾಳ ಎಂಬ ನಂಬಿಕೆ ಕೃತಕ ಬುದ್ಧಿಮತ್ತೆಯಲ್ಲಿ ಕೆಲಸ ಮಾಡುವವರಲ್ಲಿ ಬಲವಾಗಿರುವುದು ಸಹಜ.

ಅಚ್ಚರಿಯ ಮಾತೆಂದರೆ, ಅದೇ ಡೀಪ್ ಸ್ಪೇಸ್ 1ರಲ್ಲಿ ಪರೀಕ್ಷೆಗೊಳಗಾದ ಇನ್ನೊಂದು ತಂತ್ರಜ್ಞಾನದಲ್ಲಿ ಈ ಗುಣದ ಬೀಜವಿತ್ತು. ಬೀಕನ್ ಮಾನಿಟರ್ ಎಂಬ ಆ ವ್ಯವಸ್ಥೆಯಲ್ಲಿ ನೌಕೆ ತನ್ನ ಆರೋಗ್ಯವನ್ನು ತಾನೇ ಅಳೆದುಕೊಂಡು, ನಾಲ್ಕು ರೇಡಿಯೊ ಸ್ವರಗಳಲ್ಲಿ ಒಂದನ್ನು ಹೊರಡಿಸುತ್ತಿತ್ತು: ಎಲ್ಲವೂ ಸರಿಯಿದೆ ಎಂಬುದಕ್ಕೆ ಒಂದು, ತುರ್ತಾಗಿ ನನ್ನನ್ನು ನೋಡಿ ಎಂಬುದಕ್ಕೆ ಇನ್ನೊಂದು, ನಡುವಿನ ಎರಡು ಮಟ್ಟಗಳಿಗೆ ಮತ್ತೆರಡು. ದೊಡ್ಡ ಆಂಟೆನಾಗಳ ದುಬಾರಿ ಸಮಯ ಉಳಿಸುವುದು ಅದರ ಮೂಲ ಉದ್ದೇಶ. ಮುಂದೆ ಕಂಪ್ಯೂಟರ್ ವಿಜ್ಞಾನಿ ರಾಯ್ ಸ್ಟೆರಿಟ್ ಮತ್ತು ನಾಸಾ ಗೊಡಾರ್ಡ್ ಕೇಂದ್ರದೊಂದಿಗೆ ದುಡಿದ ಸಂಶೋಧಕರು ಸ್ವಯಂನಿರ್ವಹಣೆಯ ವ್ಯವಸ್ಥೆಗಳಿಗೆ ನಾಡಿಮಿಡಿತದ ಕಲ್ಪನೆಯನ್ನು ಮಂಡಿಸಿದಾಗ ಈ ಸ್ವರಗಳ ವಿಚಾರವನ್ನು ಅದರೊಂದಿಗೆ ಬೆಸೆದರು. ಪ್ರತಿಯೊಂದು ಘಟಕವೂ ‘ನಾನು ಬದುಕಿದ್ದೇನೆ’ ಎಂಬ ಬಡಿತವನ್ನು ನಿರಂತರವಾಗಿ ಕಳುಹಿಸಬೇಕು, ಆ ಬಡಿತದಲ್ಲೇ ‘ಹೇಗಿದ್ದೇನೆ’ ಎಂಬುದೂ ಅಡಗಿರಬೇಕು, ಬಡಿತ ನಿಂತರೆ ಪಕ್ಕದ ಘಟಕ ಎಚ್ಚೆತ್ತುಕೊಳ್ಳಬೇಕು ಎಂಬುದು ಅದರ ಸಾರ. ಎಕ್ಸೆಕ್‌ನ ಪ್ರತಿಯೊಂದು ಥ್ರೆಡ್‌ಗೂ, ಯೋಜನೆಯಲ್ಲಿ ಮುಂದೆ ಸರಿದಾಗ ಮಾತ್ರ ಹೊರಡುವ ಅಂಥದೊಂದು ಮಿಡಿತವಿದ್ದಿದ್ದರೆ, ಮಂಗಳವಾರ ಬೆಳಿಗ್ಗೆ ಡೆಡ್‌ಲಾಕ್ ಆಗುವುದು ತಪ್ಪುತ್ತಿರಲಿಲ್ಲವಾದರೂ, ಅದು ಆಗಿದೆ ಎಂಬುದು ನೌಕೆಗೇ ಮೊದಲು ಗೊತ್ತಾಗುತ್ತಿತ್ತು.

ಡೀಪ್ ಸ್ಪೇಸ್ 1ರಲ್ಲಿ ರಿಮೋಟ್ ಏಜೆಂಟನ್ನು ಮತ್ತೆ ಬಳಸಲಿಲ್ಲ. ನೌಕೆ 2001ರ ಸೆಪ್ಟೆಂಬರ್‌ನಲ್ಲಿ ಬೊರೆಲ್ಲಿ ಧೂಮಕೇತುವಿನ ಸಮೀಪ ಹಾದು, ಅದೇ ವರ್ಷದ ಡಿಸೆಂಬರ್ 18ರಂದು ಕೆಲಸ ಮುಗಿಸಿತು. ಲಿವಿಂಗ್‌ಸ್ಟನ್‌ನ ಎರಡನೆಯ ಆವೃತ್ತಿ 2004ರಲ್ಲಿ ಅರ್ತ್ ಅಬ್ಸರ್ವಿಂಗ್ 1 ಉಪಗ್ರಹಕ್ಕೆ ಏರಿತು. ಅಲ್ಲಿ ಅದು ನೋಡಬೇಕಾಗಿದ್ದುದು ಉಪಗ್ರಹದ ಉಪಕರಣಗಳನ್ನು ಮಾತ್ರವಲ್ಲ. ಉಪಗ್ರಹವನ್ನು ನಡೆಸುತ್ತಿದ್ದ ಸ್ವಾಯತ್ತ ತಂತ್ರಾಂಶವೂ ಅದರ ನಿಗಾದಲ್ಲಿತ್ತು.